ಕ್ರೋಮ್ ರಿಮ್‌ಗೆ ಅರ್ಧ ಟೇಪ್ ಸುತ್ತಿ ಪೇಂಟ್ ಹೊಡೆದವರು ಯಾರಾದರೂ ಇದ್ದೀರಾ?

ಶಿವಮೊಗ್ಗದಿಂದ ಕೇಳ್ತಿದ್ದೀನಿ. ಅಪ್ಪನ 1984ರ ಅಂಬಾಸಡರ್ ಮಾರ್ಕ್ 4 ಈಗ ನನ್ನ ಪಾಲಿಗೆ ಬಂದಿದೆ. ತೊಂಬತ್ತರ ದಶಕದಲ್ಲಿ ಅಪ್ಪ ಶೋಕಿಗೆ ಅಂತ ಸ್ಟೆಪ್ನಿ ಸೇರಿಸಿ ಐದೂ ಚಕ್ರದ ಡಿಸ್ಕ್‌ಗೆ ಕ್ರೋಮ್ ಹಾಕಿಸಿದ್ದರು. ಹೊರಗಿನ ಬಳೆ ಇವತ್ತಿಗೂ ಕನ್ನಡಿ ಥರ ಇದೆ. ಆದರೆ ನಡುವಿನ ಭಾಗದಲ್ಲಿ, ನಟ್‌ಗಳ ಸುತ್ತ, ಪೊರೆ ಎದ್ದು ತುಕ್ಕು ಕಾಣ್ತಿದೆ. ಬಳೆ ಹಾಗೇ ಬಿಟ್ಟು ನಡುವೆ ಮಾತ್ರ ಗಾಡಿಯದೇ ಕ್ರೀಮ್ ಬಣ್ಣ ಹೊಡೆಸೋಣ ಅಂತಿದ್ದೀನಿ. ನಮ್ಮ ಪೇಂಟರ್ "ಟೇಪ್ ಕೆಲಸ ಯಾಕೆ ಸಾರ್, ಪೂರ್ತಿ ಹೊಡೆದುಬಿಡೋಣ" ಅಂತಾರೆ. ಟೈರ್ ಬಿಚ್ಚಲೇಬೇಕಾ? ಕ್ರೋಮ್ ಮೇಲೆ ಪೇಂಟ್ ನಿಲ್ಲುತ್ತಾ?

ಬೆಂಗಳೂರಿನಿಂದ

ನಿಲ್ಲುತ್ತೆ, ಹೊಳಪು ಸಾಯಿಸಿದರೆ ಮಾತ್ರ. ನನ್ನ ಪ್ರೀಮಿಯರ್ ಪದ್ಮಿನಿ ಕಾರಿಗೆ ಎರಡು ಸಲ ಮಾಡಿದ್ದೀನಿ, ಮೊದಲನೆಯದು ಹಾಳಾಯ್ತು. ಥಿನ್ನರ್‌ನಲ್ಲಿ ಒರೆಸಿ, ಹೊಳೆಯೋ ಕ್ರೋಮ್ ಮೇಲೇ ಪ್ರೈಮರ್ ಹೊಡೆಸಿದ್ದೆ. ಯುಗಾದಿಗೆ ಗಾಡಿ ಮದುಮಗನ ಹಾಗಿತ್ತು. ಆಮೇಲೆ ಮೊದಲನೇ ವಾಟರ್ ವಾಶ್‌ಗೆ ಬಿಟ್ಟೆ ನೋಡಿ, ಪ್ರೆಶರ್ ನೀರು ಬಿದ್ದ ಕೂಡಲೇ ಕಾವಲಿಯಿಂದ ದೋಸೆ ಎದ್ದ ಹಾಗೆ ಬಣ್ಣ ಇಡಿಯಾಗಿ ಎದ್ದು ಬಂತು. ಕೆಳಗೆ ಕ್ರೋಮ್ ಮೊದಲಿನ ಹಾಗೇ ಫಳಫಳ.

ಅಲ್ಲಿ ಹೊಳಪು ಕೊಡೋ ಕ್ರೋಮ್ ಪದರ ಒಂದು ಮೈಕ್ರಾನ್‌ಗಿಂತಲೂ ತೆಳು. ಅದರ ಕೆಳಗೆ ದಪ್ಪಗಿರೋದು ನಿಕಲ್. ಮೇಲ್ಮೈ ಗಾಜಿನಷ್ಟು ನುಣುಪು, ಪೇಂಟ್‌ಗೆ ಹಿಡಿದುಕೊಳ್ಳೋಕೆ ಏನೂ ಇಲ್ಲ. ಎರಡನೇ ಸಲ 320 ನಂಬರ್ ವಾಟರ್ ಪೇಪರ್ ಹಿಡಿದು, ನೀರು ಹಾಕ್ತಾ, ಪೂರ್ತಿ ಮಂಕಾಗೋವರೆಗೆ ಉಜ್ಜಿದೆ. ಪೊರೆ ಎದ್ದ ಕಡೆ ಇನ್ನೂ ಒರಟು ಪೇಪರ್. ಅಲ್ಲಿ ಸಡಿಲ ಇರೋದನ್ನೆಲ್ಲ ಕೆರೆದು ತೆಗೀಲೇಬೇಕು, ನಿಕಲ್ ಅಡಿಯಲ್ಲಿ ತುಕ್ಕು ತೆವಳಿಕೊಂಡು ಹೋಗಿರುತ್ತೆ. ಉಗುರು ಆಡಿಸಿದಾಗ ಅಂಚು ಸಿಗಬಾರದು. ಒಂದು ರಿಮ್‌ಗೆ ನನಗೆ ಅರ್ಧ ದಿನ ಹಿಡೀತು. ಆಮೇಲೆ ಎರಡು ಡಬ್ಬಿ ಬೆರೆಸೋ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿಯು (ಪಾಲಿಯುರೆಥೇನ್) ಪೇಂಟ್. ಮೂರು ವರ್ಷ ಆಯ್ತು, ಕದಲಿಲ್ಲ.

ಟೇಪ್ ವಿಚಾರ: ಅಂಚಿಗೆ ಪೇಪರ್ ಟೇಪ್ ಬೇಡ. 6 ಎಂಎಂ ಅಗಲದ ಫೈನ್ ಲೈನ್ ಟೇಪ್ ಬರುತ್ತೆ, ಪ್ಲಾಸ್ಟಿಕ್‌ನದು, ಜೆ.ಸಿ. ರೋಡ್ ಕಡೆ ಪೇಂಟ್ ಅಂಗಡಿಗಳಲ್ಲಿ ಕೇಳಿ. ಬಳೆಯೂ ನಡುವಿನ ತಟ್ಟೆಯೂ ಸೇರೋ ಗೆರೆಯಲ್ಲೇ ಅದನ್ನು ಕೂರಿಸಿ. ಎಳೆದು ಅಂಟಿಸಬೇಡಿ. ಎಳೆದ ಟೇಪ್ ರಾತ್ರಿ ಕಳೆಯೋದರೊಳಗೆ ಕುಗ್ಗಿ ಎದ್ದಿರುತ್ತೆ. ಅದರ ಹಿಂದೆ ಪೇಪರ್ ಟೇಪ್, ಅದಕ್ಕೆ ಎರಡು ಪದರ ಹಳೇ ನ್ಯೂಸ್‌ಪೇಪರ್. ಉಜ್ಜೋ ಮೊದಲೇ ಒಂದು ಸುತ್ತು ಟೇಪ್ ಹಾಕಿ, ಇಲ್ಲದಿದ್ದರೆ ಕೈ ಜಾರಿ ಬಳೆಗೂ ಗೀರು ಬೀಳುತ್ತೆ. ಪೇಂಟ್‌ಗೆ ಮುಂಚೆ ಅದನ್ನು ಕಿತ್ತು ಹೊಸದು ಹಾಕಿ. ಸ್ಪ್ರೇ ಗನ್ ಟೇಪ್ ಕಡೆಯಿಂದ ನಡುವಿನ ಕಡೆಗೆ ಬೀಸಲಿ, ಟೇಪಿನ ಅಂಚಿನೊಳಕ್ಕೆ ನುಗ್ಗಿಸಬಾರದು. ಕೊನೇ ಕೋಟ್ ಬೆರಳಿಗೆ ಅಂಟದಷ್ಟು ಆರಿದಾಗ, ಪೂರ್ತಿ ಗಟ್ಟಿಯಾಗೋ ಮೊದಲು, ಟೇಪನ್ನು ಅದರ ಮೇಲೇ ಮಡಚಿದ ಹಾಗೆ ನಿಧಾನಕ್ಕೆ ಎಳೀರಿ.

ಇಡೀ ರಿಮ್ ಹೊಡೆಯೋದಾದರೆ ಗಾಳಿ ಇಳಿಸಿ, ಟೈರಿಗೂ ರಿಮ್‌ಗೂ ನಡುವೆ ಸುತ್ತಲೂ ಇಸ್ಪೀಟ್ ಎಲೆ ಸಿಕ್ಕಿಸೋ ಉಪಾಯ ಉಂಟು. ನಿಮಗೆ ಬಳೆಯೇ ಮುಚ್ಚಿರುತ್ತಲ್ಲ, ಬೇಕಿಲ್ಲ.

ಹುಬ್ಬಳ್ಳಿಯಿಂದ

ನಾ ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ. ಬಳಿ ಮ್ಯಾಲಿನ ತುಕ್ಕಿನ ಚುಕ್ಕಿ ಹೋಗಲಿ ಅಂತ ಬಾತ್‌ರೂಮ್ ತೊಳೆಯೋ ಆಸಿಡ್ ಹಚ್ಚಿದೆ. ತುಕ್ಕೂ ಹೋತು, ಕ್ರೋಮೂ ಹೋತು. ಹಳದಿ ಹಳದಿ ನಿಕಲ್ ಉಳೀತು. ಅಡಿಗಿಮನಿ ಅಲ್ಯೂಮಿನಿಯಂ ಫಾಯಿಲ್ ಉಂಡಿ ಮಾಡಿ, ನೀರಾಗ ಅದ್ದಿ ತಿಕ್ಕ್ರಿ, ಅಷ್ಟ ಸಾಕು. ಫಾಯಿಲ್ ಕ್ರೋಮ್‌ಕಿಂತ ಮೆತ್ತಗ ಇರ್ತದ, ಗೀರು ಬೀಳೂದಿಲ್ಲ.

ಮತ್ತ ಟೈರ್ ಒಮ್ಮೆ ಬಿಚ್ಚಿ ಒಳಗ ನೋಡ್ರಿ. ನನ್ನ ಗಾಡಿಯೊಳಗ ಎದ್ದ ಕ್ರೋಮ್ ಚಕ್ಕಿ ಟ್ಯೂಬಿಗೆ ಚುಚ್ಚಿ ಎರಡು ಸಲ ಪಂಚರ್ ಆಗಿತ್ತು.

ಮಂಗಳೂರಿನಿಂದ

ಮಳೆಗಾಲದಲ್ಲಿ ಮಾತ್ರ ಕೈ ಹಾಕಬೇಡಿ ಮಾರಾಯ್ರೆ. ನಿಮ್ಮಲ್ಲಿಯೂ ಮಳೆಗೆ ಬರ ಇಲ್ಲ. ನಾನು ಜುಲೈಯಲ್ಲಿ ಹಳೇ ಎನ್‌ಸಿ (ನೈಟ್ರೊಸೆಲ್ಯುಲೋಸ್) ಪೇಂಟ್ ಹೊಡೆಸಿದ್ದೆ, ಆರುವಾಗ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಂಜು ಕೂತಿತು. ಥಿನ್ನರ್ ಹಾರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ಪಸೆ ಎಳೆದುಕೊಳ್ಳುವುದು. ಇನ್ನೊಂದು, ಟೈರ್ ಪಾಲಿಶ್. ಅದರಲ್ಲಿ ಸಿಲಿಕೋನ್ ಉಂಟು. ರಿಮ್‌ಗೆ ಒಂದು ತೊಟ್ಟು ಉಳಿದರೂ ಪೇಂಟ್ ಅಲ್ಲಿ ಸರಿದು ಮೀನಿನ ಕಣ್ಣಿನ ಹಾಗೆ ಗುಂಡಿ ಬೀಳ್ತದೆ. ಎಮರಿ ಪೇಪರ್ ಮುಟ್ಟುವ ಮೊದಲೇ ಸೋಪು ನೀರಿನಲ್ಲಿ ತೊಳೆದುಬಿಡಿ. ಮೊದಲು ಉಜ್ಜಿದರೆ ಆ ಎಣ್ಣೆ ಗೀರಿನೊಳಗೆ ಹೋಗಿ ಕೂತುಕೊಳ್ತದೆ.

ಮಿಷಿಗನ್‌ನಿಂದ, ಊರು ಹಾಸನ

ಇಲ್ಲಿ ಇದು ಮಾಮೂಲಿ ಕೆಲಸ. ಹಳೇ ಫೋರ್ಡ್ ಮಸ್ಟಾಂಗ್ ಕಾರುಗಳಲ್ಲಿ ಮ್ಯಾಗ್ನಮ್ 500 ಅನ್ನೋ ಚಕ್ರ ಬರ್ತಿತ್ತು. ಇಲ್ಲೇ ಲ್ಯಾನ್ಸಿಂಗ್‌ನ ಮೋಟರ್ ವೀಲ್ ಕಂಪನಿ ಮಾಡ್ತಿದ್ದದ್ದು. ಐದು ಕಡ್ಡಿ ಕ್ರೋಮ್, ನಡುವಿನ ತಗ್ಗು ಕಪ್ಪು. ನನ್ನ 1970ರ ಗಾಡಿಯ ನಾಲ್ಕಕ್ಕೂ ನಾನೇ ಹೊಡೆದೆ. ಕ್ರೋಮ್ ಪೇಂಟ್ ಹಿಡಿಯಲ್ಲ ಅನ್ನೋದೇ ನಮಗೆ ವರ. ಉಜ್ಜದೇ ಬಿಟ್ಟ ಹೊಳಪಿನ ಮೇಲೆ ಸೋರಿದ ಬಣ್ಣವನ್ನು ಮಾರನೇ ದಿನ ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ತಳ್ಳಿದರೆ ಸಿಪ್ಪೆ ಥರ ಬರುತ್ತೆ. ಹಾಗಾಗಿ ಉಜ್ಜೋ ಗೆರೆ ನೇರ ಇರಲಿ. ಟೇಪ್ ಚೂರು ಆಚೀಚೆ ಆದರೂ ನಡೆಯುತ್ತೆ.

ಮೈಸೂರಿನಿಂದ, ನಲವತ್ತು ವರ್ಷದ ಪೇಂಟರ್

ಎಲ್ಲರೂ ಚಂದಕ್ಕೆ ಹೇಳ್ತಿದ್ದೀರಿ, ನಟ್ ಕೂರೋ ಜಾಗ ಯಾರೂ ಹೇಳಲಿಲ್ಲ. ನಟ್ ಕೂರೋ ಕೋನ್‌ಗೂ (ತೂತಿನ ಇಳಿಜಾರು ಅಂಚು), ಡಿಸ್ಕ್ ಬ್ರೇಕ್ ಡ್ರಮ್‌ಗೆ ತಾಗೋ ಅದರ ಹಿಂಬದಿಗೂ ದಪ್ಪ ಪೇಂಟ್ ಹತ್ತಬಾರದು. ಓಡುವಾಗ ಬಣ್ಣ ನುಜ್ಜಾಗಿ ನಟ್ ಸಡಿಲ ಆಗುತ್ತೆ. ತೂತುಗಳಿಗೆ ಹಳೇ ನಟ್ ಕೂರಿಸಿಯೇ ಹೊಡೀರಿ, ಐವತ್ತು ನೂರು ಕಿಲೋಮೀಟರ್ ಓಡಿಸಿ ಮತ್ತೆ ಬಿಗಿ ಮಾಡಿ. ಪಿಯು ಹಾರ್ಡನರ್‌ನಲ್ಲಿ ಐಸೊಸೈನೇಟ್ ಇದೆ, ಕರ್ಚೀಫು ಕಟ್ಟಿಕೊಂಡು ಹೊಡೀಬೇಡಿ. ನಾನು ಹಾಗೆ ಹೊಡೆದೇ ಈಗ ಮೆಟ್ಟಿಲು ಹತ್ತೋಕೆ ಏದುಸಿರು ಬಿಡ್ತಿದ್ದೀನಿ.

ಕೇಳಿದವರು, ಐದು ವಾರದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಮೊದಲು ಸ್ಟೆಪ್ನಿ ಮೇಲೆ ಪ್ರಯೋಗ ಮಾಡಿದೆ. ಉಜ್ಜಿದ್ದು ನಾನು, ಗನ್ ಹಿಡಿದದ್ದು ಪೇಂಟರ್, ಮಾಸ್ಕ್ ಕೊಡಿಸಿದೆ. ವಾಲ್ವ್ ಹತ್ತಿರ ಎರಡು ಎಂಎಂ ಬಣ್ಣ ಟೇಪಿನ ಅಡಿಗೆ ಸೋರಿತ್ತು. ಹಾಸನದವರ ಕಾರ್ಡ್ ಉಪಾಯಕ್ಕೆ ಗೆರೆ ಎಷ್ಟು ನೀಟಾಗಿ ಬಂತು ಅಂದರೆ, ಪೇಂಟರ್ ಸುಮ್ಮನೆ ನೋಡ್ತಾ ನಿಂತರು. ಟೈರ್ ಬಿಚ್ಚಿದಾಗ ಒಳಗೆ ಒಂದು ಹಿಡಿ ಚಕ್ಕೆ ಸಿಕ್ಕಿತು ಹುಬ್ಬಳ್ಳಿ ಸರ್. ಬರೀ ಎಂಟು ದಿನ ಬಿಟ್ಟು ವಾಟರ್ ವಾಶ್‌ನಲ್ಲಿ ಗನ್ ಹತ್ತಿರ ಹಿಡಿಸಿಯೇ ನೋಡಿದೆ, ಏಳಲಿಲ್ಲ. ಉಳಿದ ನಾಲ್ಕನ್ನು ದೀಪಾವಳಿ ಆದಮೇಲೆ, ಬಿಸಿಲು ಗಟ್ಟಿಯಾದಾಗ ಹಿಡೀತೀನಿ.