ಡಿಸೈನ್ ಹಕ್ಕಿಗೆ ‘ನವೀಕರಣ’ ಅನ್ನಬಹುದೆ?

ಎಲ್ಲರಿಗೂ ನಮಸ್ಕಾರ.

ಮಂಡ್ಯದಲ್ಲಿ ನಮ್ಮ ಚಿಕ್ಕಪ್ಪನ ಮಗ ಬೆಲ್ಲದ ಅಚ್ಚು ಮಾಡುತ್ತಾನೆ. ಹೂವಿನ ಆಕಾರದ ಒಂದು ಅಚ್ಚನ್ನು ತಾನೇ ಯೋಚಿಸಿ ಮಾಡಿ, ಬೇರೆಯವರು ಆ ಆಕಾರ ಕದಿಯದಂತೆ ಡಿಸೈನ್ ಕಾಯ್ದೆಯಡಿ ನೋಂದಾಯಿಸಿಕೊಂಡಿದ್ದಾನೆ. ಅದಕ್ಕೀಗ ಹತ್ತು ವರ್ಷ ತುಂಬುತ್ತಿದೆ. ಜೊತೆಯ ಅಚ್ಚಿನವರಿಗೂ ಹಂಚೋಣ, ಈ ಹಕ್ಕು ಉಳಿಸಿಕೊಳ್ಳುವ ಬಗ್ಗೆ ಕನ್ನಡದಲ್ಲಿ ಒಂದು ಕರಪತ್ರ ಬರೆದುಕೊಡು ಅಂದ. ಬರೆಯುವ ಮೊದಲೇ ಅವನ ಪ್ರಶ್ನೆ: “ನವೀಕರಣ ಅಂದ್ರೆ ಹತ್ತತ್ತು ವರ್ಷಕ್ಕೊಂದ್ಸಲ ದುಡ್ಡು ಕಟ್ಕೊಂಡು ಹೋಗೋದು ತಾನೇ ಅಣ್ಣ?”

ಅಲ್ಲ. ಎಡವಟ್ಟು ಇರುವುದೇ ಆ ಪದದಲ್ಲಿ. 2000ದ ಡಿಸೈನ್ ಕಾಯ್ದೆ ಕೊಡುವುದು 10 ವರ್ಷ. ಅದು ತೀರುವ ಮುಂಚೆ ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಇನ್ನು 5, ಅದೂ ಒಂದೇ ಸಲ. (ಲೆಕ್ಕ ಶುರುವಾಗುವುದು ಅರ್ಜಿ ಕೊಟ್ಟ ದಿನದಿಂದ, ಪ್ರಮಾಣಪತ್ರ ಕೈಗೆ ಬಂದ ದಿನದಿಂದಲ್ಲ. ಇದರಲ್ಲೂ ಬಹಳ ಜನ ತಪ್ಪುತ್ತಾರೆ.) ಹದಿನೈದು ತುಂಬಿದ ಮೇಲೆ ಆ ಹೂವು ಊರಿನ ಸೊತ್ತು, ಯಾರು ಬೇಕಾದರೂ ಮಾಡಬಹುದು. ಟ್ರೇಡ್‌ಮಾರ್ಕ್ ಹಾಗಲ್ಲ, 10 ವರ್ಷಕ್ಕೊಮ್ಮೆ ಎಷ್ಟು ಸಲವಾದರೂ ಮುಂದುವರಿಸಬಹುದು. ಮೈಸೂರು ರೇಷ್ಮೆಗಿರುವ ಜಿಐಗೂ (ಊರಿನ ಹೆಸರಿನ ಸರಕಿಗೆ ಸಿಗುವ ಭೌಗೋಳಿಕ ಗುರುತು) ಅದೇ ನಿಯಮ. ‘ನವೀಕರಣ’ ಅವುಗಳಿಗೆ ಸರಿ. ಡಿಸೈನಿಗೂ ಅದನ್ನೇ ಹಚ್ಚಿದರೆ ಓದಿದವನು ಮಕ್ಕಳ ಕಾಲಕ್ಕೂ ಲೆಕ್ಕ ಹಾಕುತ್ತಾನೆ.

‘ವಿಸ್ತರಣೆ’ ಕಾಯ್ದೆಯ ಮಾತಿಗೆ ಹತ್ತಿರ. ಆದರೆ ಅದನ್ನು ಕೇಳಿದರೆ ನಮ್ಮವರಿಗೆ ನೆನಪಾಗುವುದು ಸಂಪುಟ. ‘ವಾಯಿದೆ ಹೆಚ್ಚಿಸುವುದು’ ಅಂದು ನೋಡಿದೆ. ಕೋರ್ಟು ಕಂಡವರಿಗೆ ವಾಯಿದೆ ಅಂದರೆ ಮುಂದಕ್ಕೆ ಹಾಕಿದ ಕೇಸು! ಸದ್ಯ ‘ಒಂದು ಸಲದ ಅವಧಿ ವಿಸ್ತರಣೆ’ ಅಂತ ಬರೆದಿದ್ದೇನೆ. ಉದ್ದವಾಯಿತು, ಒಪ್ಪುತ್ತೇನೆ.

ಎರಡನೆಯದು ‘ರದ್ದು’. ಶುಲ್ಕ ಕಟ್ಟದೆ ಹತ್ತು ವರ್ಷ ದಾಟಿದರೆ ಹಕ್ಕು ರದ್ದಾಯಿತು ಅನ್ನುವುದು ರೂಢಿ. ನಿಜವಾದ ರದ್ದತಿ ಬೇರೆಯೇ. ಈ ಆಕಾರ ಹೊಸದಲ್ಲ, ನೋಂದಣಿಗೆ ಮೊದಲೇ ಬಳಕೆಯಲ್ಲಿತ್ತು ಎಂದು ಇನ್ನೊಬ್ಬ ಅರ್ಜಿ ಹಾಕಿ ಗೆದ್ದರೆ ಆಗುವುದು ಅದು. ಶುಲ್ಕ ತಪ್ಪಿದ್ದಾದರೆ ಒಂದು ವರ್ಷದೊಳಗೆ ಕಾರಣ ತೋರಿಸಿ ಮತ್ತೆ ಜೀವ ಕೊಡಿ ಎಂದು ಕೇಳಲು ದಾರಿ ಇದೆ. ‘ರದ್ದು’ ಎಂದು ಬರೆದರೆ ಆ ದಾರಿಯತ್ತ ಯಾರೂ ತಿರುಗಿಯೂ ನೋಡುವುದಿಲ್ಲ. ಹಳೆಯ ಕಾಗದಪತ್ರದ ‘ಊರ್ಜಿತ’ ನನಗೆ ಇಷ್ಟ, ಆದರೆ ಅಚ್ಚಿನವರು ಅನ್ನುವುದು ‘ಚಾಲ್ತಿ’. ಲಾರಿಯ ಇನ್ಶೂರೆನ್ಸು ಚಾಲ್ತಿಯಲ್ಲಿದೆ ಅನ್ನುತ್ತೇವಲ್ಲ, ಹಾಗೆಯೇ ‘ಹಕ್ಕು ಚಾಲ್ತಿಯಲ್ಲಿಡುವುದು’, ‘ಚಾಲ್ತಿ ತಪ್ಪಿತು’.

ಇನ್ನು ಕದಿಯುವವರ ವಿಷಯ. ಕಾಯ್ದೆ ಈ ಹಕ್ಕನ್ನು ಕಾಪಿರೈಟ್ ಅಂತಲೇ ಕರೆಯುತ್ತದೆ. ಹಾಗಂತ ಬೆಲ್ಲದ ಅಚ್ಚಿಗೆ ‘ಕೃತಿಸ್ವಾಮ್ಯ’, ಕದ್ದವನ ಮೇಲೆ ‘ಕೃತಿಚೌರ್ಯ’ ಅಂದರೆ ಆಲೆಮನೆಯಲ್ಲಿ ನಗುತ್ತಾರೆ. ‘ನಕಲು’ ಅನ್ನೋಣವೆಂದರೆ ಪಹಣಿಯ ನಕಲು ಅಡ್ಡ ಬರುತ್ತದೆ. ‘ಕದ್ದ ಡಿಸೈನ್’ ಸಾಕೇನೋ. ಕದ್ದವನಿಂದ ಒಂದೊಂದು ತಪ್ಪಿಗೆ 25,000 ರೂಪಾಯಿವರೆಗೆ, ಒಂದು ಡಿಸೈನಿಗೆ ಒಟ್ಟು 50,000 ಮೀರದಂತೆ ವಸೂಲಿ ಮಾಡಬಹುದು. ಇಲ್ಲವೇ ನಷ್ಟಕ್ಕೂ ತಡೆಯಾಜ್ಞೆಗೂ ದಾವೆ ಹೂಡಬಹುದು.

ಮುಂದಿನ ವಾರ ಕರಪತ್ರ ಅಚ್ಚಿಗೆ ಹೋಗುತ್ತದೆ. ‘ಒಂದು ಸಲದ ಅವಧಿ ವಿಸ್ತರಣೆ’ಗಿಂತ ಚಿಕ್ಕ ಪದ ನಿಮ್ಮ ಕಡೆ ಬಳಕೆಯಲ್ಲಿದೆಯೆ? ‘ಚಾಲ್ತಿ ತಪ್ಪು’ ಮಂಡ್ಯದ ಆಚೆಯವರಿಗೂ ಅರ್ಥವಾಗುತ್ತದೆಯೆ?