ಕಾಳು ಮಿಶ್ರಣದಿಂದ ಹೆಚ್ಚು ನಾರಿನ ಪೆಲೆಟ್‌ಗೆ: ಎರಡು ಮೊಲ, ಎರಡು ತೂಕ, ಅಳತೆ ಹೇಗೆ?

ಪ್ರಶ್ನೆ: ಹುಲ್ಲುಗೂಡು

ನಮಸ್ಕಾರ. ಎರಡು ಮೊಲಗಳ ಒಣ ಆಹಾರ ಬದಲಿಸಬೇಕಿದೆ. ಹೆಣ್ಣಿಗೆ 3 ವರ್ಷ, ತೂಕ 2.9 ಕೆಜಿ, ವೈದ್ಯರ ಪ್ರಕಾರ 2.4 ಕೆಜಿ ಇರಬೇಕು. ಗಂಡಿಗೆ 14 ತಿಂಗಳು, 1.7 ಕೆಜಿ, ಮೈಕಟ್ಟು ಸರಿಯಾಗಿದೆ. ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಒಂದೇ ಗೂಡು, ಒಂದೇ ಬಟ್ಟಲು.

ಈಗ ಕೊಡುತ್ತಿರುವುದು ಮೆಕ್ಕೆಜೋಳದ ಚೂರು, ಒಣ ಬಟಾಣಿ, ಬಣ್ಣದ ಗುಳಿಗೆಗಳೆಲ್ಲ ಬೆರೆತ ಮಿಶ್ರಣ. ಎರಡಕ್ಕೂ ಸೇರಿ ದಿನಕ್ಕೆ 120 ಗ್ರಾಂ. ಪೊಟ್ಟಣದ ಮೇಲೆ ನಾರು 14% ಎಂದಿದೆ. ಹೊಸದಾಗಿ ತಂದಿರುವ, ಅರೆದು ಒತ್ತಿದ ಗುಳಿಗೆಯಂಥ ಪೆಲೆಟ್‌ನಲ್ಲಿ ನಾರು 25%, ಪ್ರೋಟೀನ್ 13%, ಕೊಬ್ಬು 2.5%, ಕ್ಯಾಲ್ಸಿಯಂ 0.6%. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಟಿಮೊಥಿ ಹುಲ್ಲು. ‘2–3 ಕೆಜಿ ಮೊಲಕ್ಕೆ ದಿನಕ್ಕೆ ಅರ್ಧ ಕಪ್’ ಎಂದು ಬರೆದಿದ್ದಾರೆ.

ಎಷ್ಟು ದಿನದಲ್ಲಿ ಬದಲಿಸಬೇಕು? ಪೆಲೆಟ್‌ನಲ್ಲೇ ಇಷ್ಟು ನಾರಿದ್ದರೆ ಒಣಹುಲ್ಲು ಸ್ವಲ್ಪ ಕಡಿಮೆ ಮಾಡಬಹುದೇ? ಒಂದೊಂದಕ್ಕೆ ಎಷ್ಟು ಗ್ರಾಂ? ಕೊಡುತ್ತಿರುವುದು ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಉತ್ತರ: ಉದ್ದಕಿವಿ

ನಿಮ್ಮ ಎರಡನೇ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಹುಲ್ಲು ಕಡಿಮೆ ಮಾಡಬೇಡಿ. 25% ನಾರಿನ ಪೆಲೆಟ್ ಆಗಲಿ, ಇನ್ನೂ ಹೆಚ್ಚಿನದಾಗಲಿ, ಹುಲ್ಲಿನ ಜಾಗ ತುಂಬುವುದಿಲ್ಲ.

ಪೆಲೆಟ್ ಮಾಡುವಾಗ ಹುಲ್ಲನ್ನು ನುಣ್ಣಗೆ ಅರೆದು ಒತ್ತುತ್ತಾರೆ. ಮೊಲದ ದೊಡ್ಡ ಕರುಳು ನಾರನ್ನು ಗಾತ್ರ ನೋಡಿ ವಿಂಗಡಿಸುತ್ತದೆ. ಉದ್ದನೆಯ, ಒರಟಾದ ಎಳೆಗಳು ನೇರವಾಗಿ ಮುಂದೆ ಸಾಗಿ ದುಂಡು ಹಿಕ್ಕೆಯಾಗಿ ಹೊರಬರುತ್ತವೆ. ಕರುಳು ನಿಲ್ಲದೆ ಚಲಿಸುವಂತೆ ನೋಡಿಕೊಳ್ಳುವುದು ಅವೇ. ನುಣ್ಣನೆಯ ಸಣ್ಣ ಕಣಗಳು ಹಿಂದಕ್ಕೆ ತಿರುಗಿ ಸೀಕಮ್ ಎಂಬ ಹುದುಗುವ ಚೀಲಕ್ಕೆ ಹೋಗುತ್ತವೆ. ಹೀಗಾಗಿ ಅಂಕಿ ಒಂದೇ ಆಗಿದ್ದರೂ ಪೆಲೆಟ್‌ನ ನಾರು ಮಾಡುವ ಕೆಲಸ ಬೇರೆ, ಹುಲ್ಲಿನ ನಾರು ಮಾಡುವ ಕೆಲಸ ಬೇರೆ.

ಹಲ್ಲಿನ ವಿಷಯವೂ ಇದೆ. ಮೊಲದ ಎಲ್ಲ ಹಲ್ಲುಗಳೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಜಗಿಯುವಾಗ ದವಡೆ ಅಡ್ಡಡ್ಡ ಆಡುತ್ತದೆ, ದವಡೆಹಲ್ಲುಗಳು ಪೂರ್ತಿ ಅಗಲಕ್ಕೆ ಸವೆಯುತ್ತವೆ. ಪೆಲೆಟ್ ಎರಡು ಸಲ ಕಡಿದರೆ ಪುಡಿ, ನುಂಗಿದರೆ ಮುಗಿಯಿತು. ಹುಲ್ಲು ಬಿಟ್ಟು ಪೆಲೆಟ್ಟನ್ನೇ ನೆಚ್ಚಿಕೊಂಡ ಮೊಲಗಳಲ್ಲಿ ದವಡೆಹಲ್ಲಿನ ಅಂಚು ಮುಳ್ಳಿನಂತೆ ಬೆಳೆದು ನಾಲಿಗೆಗೋ ಕೆನ್ನೆಗೋ ಚುಚ್ಚುತ್ತದೆ. ಆಮೇಲೆ ಅದು ಹುಲ್ಲನ್ನೇ ಮುಟ್ಟುವುದಿಲ್ಲ, ಏಕೆಂದರೆ ನೋವು.

ಆದ್ದರಿಂದ ಪೆಲೆಟ್ ಬದಲಿಸುವ ಮೊದಲು ಒಂದು ವಾರ ಹುಲ್ಲನ್ನಷ್ಟೇ ಗಮನಿಸಿ. ಬೆಳಿಗ್ಗೆ ಹಾಕಿದ್ದನ್ನು ತೂಗಿ, ಮರುದಿನ ಉಳಿದದ್ದನ್ನು ತೂಗಿ. ಸಡಿಲವಾಗಿ ಹರಡಿದಾಗ ಒಂದೊಂದು ಮೊಲವೂ ದಿನಕ್ಕೆ ತನ್ನ ಮೈಯಷ್ಟು ದೊಡ್ಡ ಹುಲ್ಲಿನ ರಾಶಿ ಖಾಲಿ ಮಾಡಬೇಕು. ಮಾಡದಿದ್ದರೆ ಮೊದಲು ಅದನ್ನು ಸರಿಪಡಿಸಿ: ಹುಲ್ಲನ್ನು ಮಲವಿಸರ್ಜನೆಯ ತಟ್ಟೆಯ ಪಕ್ಕದಲ್ಲೇ ಇಡಿ (ಮೊಲಕ್ಕೆ ತಿನ್ನುತ್ತಲೇ ಹಿಕ್ಕೆ ಹಾಕುವ ಅಭ್ಯಾಸ), ದಿನಕ್ಕೆ ಎರಡು ಸಲ ಹೊಸ ಹಿಡಿ ಸೇರಿಸಿ, ಧೂಳು ಹಿಡಿದದ್ದನ್ನು ತೆಗೆದುಬಿಡಿ. ಹಾಗೆ ಮಾಡಿದರೂ ಹುಲ್ಲು ಬೇಡವೆಂದರೆ ಅದನ್ನು ಹಟ ಅಂದುಕೊಳ್ಳದೆ ವೈದ್ಯರಿಗೆ ಅದರ ಹಲ್ಲು ತೋರಿಸಿ.

ಪೆಲೆಟ್ ಆಯ್ಕೆ ಚೆನ್ನಾಗಿದೆ. ಬೆಳೆದ ಮೊಲಕ್ಕೆ ನಾರು ಕನಿಷ್ಠ 18%, 20ರ ಮೇಲಿದ್ದರೆ ಉತ್ತಮ, ಪ್ರೋಟೀನ್ 12–15%, ಕೊಬ್ಬು 3%ಕ್ಕಿಂತ ಕಡಿಮೆ, ಕ್ಯಾಲ್ಸಿಯಂ 1% ದಾಟಬಾರದು. ಕ್ಯಾಲ್ಸಿಯಂ ಯಾಕೆಂದರೆ, ಮೊಲ ತಿಂದದ್ದರಲ್ಲಿರುವ ಕ್ಯಾಲ್ಸಿಯಂ ಬಹುಪಾಲು ಹೀರಿಕೊಂಡು ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಆಲ್ಫಾಲ್ಫಾ (ಕ್ಯಾಲ್ಸಿಯಂ ಹೆಚ್ಚಿರುವ ಒಂದು ಮೇವಿನ ಸೊಪ್ಪು) ಮುಖ್ಯವಾಗಿರುವ ಪೆಲೆಟ್ ಬೆಳೆಯುವ ಮರಿಗಳಿಗೆ ಸರಿ. ದೊಡ್ಡವಕ್ಕೆ ಮೂತ್ರಕೋಶದಲ್ಲಿ ಸುಣ್ಣದಂಥ ಕೆಸರು ಕೂರುವ ಅಪಾಯ.

ಉತ್ತರ: ಗ್ರಾಂಲೆಕ್ಕ

ಅಳತೆಗೆ ಬರುತ್ತೇನೆ. ಪೊಟ್ಟಣದ ‘ಅರ್ಧ ಕಪ್’ ಮರೆತುಬಿಡಿ. ಕಪ್ ಅಂದರೆ ಯಾವ ಕಪ್? ಸಣ್ಣ, ಗಟ್ಟಿ ಗುಳಿಗೆಗಳು ಒತ್ತಾಗಿ ಕೂರುತ್ತವೆ, ದಪ್ಪ ಗುಳಿಗೆಗಳ ನಡುವೆ ಗಾಳಿ ಉಳಿಯುತ್ತದೆ. ಅದೇ ಕಪ್ಪಿನಲ್ಲಿ ತೂಕ ಬೇರೆ ಬೇರೆ ಬರುತ್ತದೆ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು.

ಚೆನ್ನಾಗಿ ಹುಲ್ಲು ತಿನ್ನುವ ಬೆಳೆದ ಮೊಲಕ್ಕೆ ದಿನಕ್ಕೆ, ಕೆಜಿ ಮೈತೂಕಕ್ಕೆ 25 ಗ್ರಾಂ ಎನ್ನುವುದು ಮೇಲಿನ ಮಿತಿ. ಅಷ್ಟನ್ನು ಕೊಡಲೇಬೇಕು ಎಂದು ಅದರ ಅರ್ಥವಲ್ಲ. ಸರಿಯಾದ ಮೈಕಟ್ಟಿನ ಮೊಲಕ್ಕೆ 20, ತೂಕ ಇಳಿಸಬೇಕಾದದ್ದಕ್ಕೆ 15 ಇಟ್ಟುಕೊಳ್ಳಿ. ಲೆಕ್ಕ ಹಾಕಬೇಕಾದದ್ದು ಇರಬೇಕಾದ ತೂಕಕ್ಕೆ, ಈಗಿರುವ ತೂಕಕ್ಕಲ್ಲ. ಗಂಡಿಗೆ 1.7 × 20 = 34 ಗ್ರಾಂ. ಹೆಣ್ಣಿಗೆ 2.4 × 15 = 36 ಗ್ರಾಂ. ಎರಡೂ ಸೇರಿ 70. ಈಗ ಕೊಡುತ್ತಿರುವುದು 120, ಅದರಲ್ಲಿ ಯಾವುದು ಎಷ್ಟು ತಿನ್ನುತ್ತಿದೆ ಎಂಬುದು ನಿಮಗೇ ಗೊತ್ತಿಲ್ಲ. ಒಂದೇ ಬಟ್ಟಲಿನ ತೊಂದರೆಯೇ ಅದು. ತಿನ್ನುವ ಹತ್ತು ಹದಿನೈದು ನಿಮಿಷ ನಡುವೆ ಜಾಲರಿ ಇಡಿ. ಒಂದಕ್ಕೊಂದು ಕಾಣುತ್ತಿರಲಿ, ಬಟ್ಟಲು ಮಾತ್ರ ಬೇರೆಯಾಗಲಿ. ಬೇರೆ ಕೋಣೆಗೆ ಒಯ್ಯುವುದು ಬೇಡ.

ಬಗೆ ಬದಲಿಸುವುದು, ಪ್ರಮಾಣ ಇಳಿಸುವುದು, ಎರಡನ್ನೂ ಒಟ್ಟಿಗೆ ಮಾಡಬೇಡಿ. ಮೊದಲ ಎರಡು ವಾರ ಒಟ್ಟು ತೂಕ ಹಾಗೇ ಇರಲಿ: ಗಂಡಿಗೆ 50, ಹೆಣ್ಣಿಗೆ 70 ಎಂದು ಹಂಚಿ. ದಿನ 1–4 ಕಾಲು ಭಾಗ ಹೊಸದು, 5–9 ಅರ್ಧ, 10–14 ಮುಕ್ಕಾಲು, 15ರಿಂದ ಪೂರ್ತಿ ಹೊಸದು. ಆಮೇಲೆ ಐದು ದಿನಕ್ಕೊಮ್ಮೆ ಗಂಡಿಗೆ 4 ಗ್ರಾಂ, ಹೆಣ್ಣಿಗೆ 7 ಗ್ರಾಂ ಇಳಿಸುತ್ತ ಬನ್ನಿ. ಮೂರೂವರೆ ವಾರದಲ್ಲಿ 34 ಮತ್ತು 36ಕ್ಕೆ ತಲುಪುತ್ತೀರಿ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ.

ಹೆಣ್ಣಿನ ತೂಕ ವಾರಕ್ಕೆ 30–40 ಗ್ರಾಂಗಿಂತ ವೇಗವಾಗಿ ಇಳಿಯಬಾರದು. 500 ಗ್ರಾಂ ಇಳಿಯಲು ಮೂರೂವರೆ ನಾಲ್ಕು ತಿಂಗಳು ಹಿಡಿಯುತ್ತದೆ, ಹಿಡಿಯಲಿ. ದಪ್ಪ ಮೊಲದ ಹೊಟ್ಟೆ ಖಾಲಿ ಬಿಟ್ಟರೆ ಮೈಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಳ್ಳುತ್ತದೆ, ಅದು ಪ್ರಾಣಕ್ಕೇ ಎರವಾಗಬಹುದು. ವಾರಕ್ಕೊಮ್ಮೆ, ಅದೇ ದಿನ, ಬೆಳಗಿನ ಪೆಲೆಟ್‌ಗೆ ಮುಂಚೆ, ಡಬ್ಬಿಯಲ್ಲಿ ಕೂರಿಸಿ ತೂಗಿ ಬರೆದಿಡಿ.

ಉತ್ತರ: ಬಿಳಿಪಾದ

ಮೇಲಿನ ಲೆಕ್ಕ ಒಪ್ಪುತ್ತೇನೆ, ಹದಿನಾಲ್ಕು ದಿನ ಎಂಬುದನ್ನು ಮಾತ್ರ ಸ್ವಲ್ಪ ಸಡಿಲಿಸುತ್ತೇನೆ. ಪಿಷ್ಟ ಹೆಚ್ಚಿರುವ ಕಾಳು ಮಿಶ್ರಣಕ್ಕೆ ಒಗ್ಗಿಹೋದ ಕರುಳಿನಲ್ಲಿ ಸೂಕ್ಷ್ಮಜೀವಿಗಳ ಸಮತೋಲನವೇ ಬೇರೆ ಇರುತ್ತದೆ. ಹಿಕ್ಕೆ ಸ್ವಲ್ಪ ಕೆಟ್ಟರೂ ಇರುವ ಹಂತದಲ್ಲೇ ಇನ್ನೂ ನಾಲ್ಕೈದು ದಿನ ನಿಲ್ಲಿ. ನಾಲ್ಕು ವಾರ ಹಿಡಿದರೂ ನಷ್ಟವಿಲ್ಲ. ರೋಮ ಉದುರುವ ಕಾಲ, ಶಸ್ತ್ರಚಿಕಿತ್ಸೆ ಆದ ಹೊಸದು, ಕಡು ಬಿಸಿಲು, ಹೊಸ ಜಾಗ, ಇವುಗಳಲ್ಲಿ ಯಾವುದಾದರೂ ಇದ್ದರೆ ಬದಲಾವಣೆ ಮುಂದೂಡಿ. ಈ ವಾರಗಳಲ್ಲಿ ಹೊಸ ಸೊಪ್ಪನ್ನೂ ಪರಿಚಯಿಸಬೇಡಿ. ಹೊಟ್ಟೆ ಕೆಟ್ಟರೆ ಯಾವುದರಿಂದ ಎಂದು ತಿಳಿಯುವುದಿಲ್ಲ.

ಒಣ ಆಹಾರ ತಿನ್ನುವ ಮೊಲಕ್ಕೆ ನೀರು ಹೆಚ್ಚು ಬೇಕು. ಕೊಳವೆ ಬಾಟಲಿ ಒಂದೇ ಇದ್ದರೆ ಜೊತೆಗೆ ಉರುಳದ ಭಾರದ ಬಟ್ಟಲೂ ಇಡಿ, ಬಟ್ಟಲಿನಿಂದ ಹೆಚ್ಚು ಕುಡಿಯುತ್ತವೆ.

ಮತ್ತೆ ಪ್ರಶ್ನೆ: ಹುಲ್ಲುಗೂಡು

ಧನ್ಯವಾದ. ಹುಲ್ಲಿನ ವಾರ ಮುಗಿದು ಬದಲಾವಣೆಯ ಆರನೇ ದಿನ ಇದು, ಅರ್ಧ ಅರ್ಧದ ಹಂತ. ಗಂಡು ಎಲ್ಲವನ್ನೂ ತಿನ್ನುತ್ತದೆ. ಹೆಣ್ಣು ಕಾಳನ್ನು ಆರಿಸಿ ತಿಂದು ಪೆಲೆಟ್ಟನ್ನು ಬಟ್ಟಲಲ್ಲೇ ಬಿಡುತ್ತದೆ. ಹುಲ್ಲು ಮಾತ್ರ ಚೆನ್ನಾಗಿ ತಿನ್ನುತ್ತಿದೆ. ಬೆಳಿಗ್ಗೆ ನೆಲದ ಮೇಲೆ ಕಪ್ಪಗೆ, ಹೊಳೆಯುವ, ದ್ರಾಕ್ಷಿ ಗೊಂಚಲಿನಂಥ ಮೆತ್ತನೆ ಮುದ್ದೆ ಕಾಣುತ್ತಿದೆ, ವಾಸನೆಯೂ ಇದೆ. ಇದು ಭೇದಿಯೇ?

ಉತ್ತರ: ಉದ್ದಕಿವಿ

ಭೇದಿಯಲ್ಲ. ಅದು ಸೀಕಮ್‌ನಲ್ಲಿ ತಯಾರಾಗುವ ಮೆತ್ತನೆ ಹಿಕ್ಕೆ. ಮೊಲ ಅದನ್ನು ಬುಡಕ್ಕೇ ಬಾಯಿಟ್ಟು ನೇರವಾಗಿ ತಿನ್ನಬೇಕು, ಬಿ ಜೀವಸತ್ವಗಳೂ ಪ್ರೋಟೀನೂ ಅದರಲ್ಲಿವೆ. ನಿಮ್ಮ ಕಣ್ಣಿಗೆ ಬೀಳುತ್ತಿದೆ ಎಂದರೆ ತಿನ್ನದೆ ಬಿಟ್ಟಿದೆ ಎಂದರ್ಥ. ಪಿಷ್ಟ, ಪ್ರೋಟೀನು ಹೆಚ್ಚಾದಾಗ ಹೀಗೆ ಉಳಿಯುತ್ತದೆ. ಹೆಣ್ಣು ಈಗ ಕಾಳನ್ನಷ್ಟೇ ಆರಿಸಿ ತಿನ್ನುತ್ತಿರುವುದರಿಂದ ಅದೇ ಕಾರಣವಿರಬಹುದು. ಇನ್ನೊಂದು ಕಾರಣವನ್ನೂ ನೋಡಿ: ದಪ್ಪ ಮೊಲಕ್ಕೆ ಬಗ್ಗಿ ಬುಡ ಮುಟ್ಟಲು ಆಗುವುದಿಲ್ಲ. ಬುಡದ ರೋಮಕ್ಕೆ ಮುದ್ದೆ ಅಂಟಿದೆಯೇ ಎಂದು ದಿನವೂ ಪರೀಕ್ಷಿಸಿ. ಒದ್ದೆ ಬುಡಕ್ಕೆ ನೊಣ ಮೊಟ್ಟೆಯಿಟ್ಟರೆ ಹುಳು ಬೀಳಲು ಹೆಚ್ಚು ಹೊತ್ತು ಬೇಕಿಲ್ಲ. ಪೂರ್ತಿ ನೀರಾದ, ಆಕಾರವೇ ಇಲ್ಲದ ಮಲ ಕಂಡರೆ ಮಾತ್ರ ಅದು ಭೇದಿ, ಆಗ ತಡಮಾಡುವಂತಿಲ್ಲ.

ಸರಿಯಾದ ಗಟ್ಟಿ ಹಿಕ್ಕೆ ದುಂಡಗೆ, ಒಂದೇ ಗಾತ್ರದಲ್ಲಿ, ಕಂದು ಹಳದಿಯಾಗಿರುತ್ತದೆ. ಬೆರಳಲ್ಲಿ ಹಿಸುಕಿದರೆ ಒಳಗೆ ಹುಲ್ಲಿನ ಚೂರು ಕಾಣಬೇಕು. ಚಿಕ್ಕದಾಗಿ, ಕಪ್ಪಗೆ, ಕಲ್ಲಿನಂತೆ ಆದರೆ ನಾರು ಅಥವಾ ನೀರು ಸಾಲದು. ರೋಮದಿಂದ ಮಣಿಸರದಂತೆ ಪೋಣಿಸಿಕೊಂಡು ಬಂದರೆ ರೋಮ ಉದುರುತ್ತಿದೆ, ಬಾಚಿ ತೆಗೆಯಿರಿ, ಹುಲ್ಲು ಹೆಚ್ಚಿಸಿ.

ಆರಿಸಿ ತಿನ್ನುವುದಕ್ಕೆ ಮದ್ದು: ಹಳೆಯ ಮಿಶ್ರಣದಿಂದ ಜೋಳ, ಬಟಾಣಿ ಹೆಕ್ಕಿ ತೆಗೆದು, ಅದರಲ್ಲಿರುವ ಗುಳಿಗೆಗಳನ್ನಷ್ಟೇ ಹೊಸದರ ಜೊತೆ ಬೆರೆಸಿ. ಎರಡನ್ನೂ ಒಂದು ದಿನ ಒಂದೇ ಡಬ್ಬಿಯಲ್ಲಿ ಮುಚ್ಚಿಟ್ಟರೆ ವಾಸನೆ ಬೆರೆಯುತ್ತದೆ. ಬಟ್ಟಲಿನ ಬದಲು ಹುಲ್ಲಿನೊಳಗೆ ಚೆಲ್ಲಿ. ಹುಡುಕಿ ತಿನ್ನುವಾಗ ಆರಿಸುವುದು ಕಡಿಮೆ. ಬಿಟ್ಟ ಪೆಲೆಟ್ಟಿನ ಬದಲಿಗೆ ಮತ್ತೆ ಕಾಳು ಹಾಕಬೇಡಿ. ಹುಲ್ಲು ಚೆನ್ನಾಗಿ ತಿನ್ನುತ್ತಿದ್ದು, ಹಿಕ್ಕೆ ಎಂದಿನಷ್ಟು ಬೀಳುತ್ತಿದ್ದರೆ ಪೆಲೆಟ್ ಎರಡು ದಿನ ಬಿಟ್ಟರೂ ಗಾಬರಿ ಬೇಡ.

ಆದರೆ ಹುಲ್ಲನ್ನೂ ಬಿಟ್ಟರೆ ಮಾತೇ ಬೇರೆ. ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ, ಗೂನು ಬೆನ್ನು ಮಾಡಿ ಕುಳಿತು ಹಲ್ಲು ಕಡಿಯುತ್ತಿದ್ದರೆ ಕರುಳು ನಿಲ್ಲುತ್ತಿದೆ ಎಂದು ತಿಳಿಯಿರಿ. ಬೆಳಗಾಗಲಿ ಎಂದು ಕಾಯಬೇಡಿ, ತಕ್ಷಣ ಮೊಲ ನೋಡುವ ವೈದ್ಯರ ಬಳಿ ಹೋಗಿ. ಮನೆಯಲ್ಲಿ ಬಾಯಿಗೆ ಒತ್ತಾಯದಿಂದ ತುಂಬಬೇಡಿ. ಒಳಗೆ ಅಡಚಣೆ ಇದ್ದರೆ ಅದರಿಂದ ಕೆಡುಕೇ, ಮೊಲಕ್ಕೆ ವಾಂತಿ ಮಾಡಿ ಹೊರಹಾಕಲು ಬರುವುದಿಲ್ಲ.

ಉತ್ತರ: ಗ್ರಾಂಲೆಕ್ಕ

ಬಗೆ ಬದಲಾವಣೆ ಮುಗಿದ ಮೇಲೆ ಅಳತೆ ಸರಿಯೇ ಎಂದು ಕೈಯಿಂದಲೂ ನೋಡಿ. ಪಕ್ಕೆಲುಬಿನ ಮೇಲೆ ಬೆರಳು ಹಗುರವಾಗಿ ಆಡಿಸಿದಾಗ ತೆಳುವಾದ ಪದರದ ಕೆಳಗೆ ಒಂದೊಂದು ಎಲುಬೂ ಸಿಗಬೇಕು. ಒತ್ತಿದರಷ್ಟೇ ಸಿಗುತ್ತದೆ ಎಂದರೆ ಹೆಚ್ಚಾಗಿದೆ. ಬೆನ್ನೆಲುಬು ಚೂಪಾಗಿ ತಗುಲಿದರೆ ಕಡಿಮೆಯಾಗಿದೆ. ಹೆಣ್ಣು ಮೊಲದ ಗಂಗೆದೊಗಲು (ಕತ್ತಿನ ಕೆಳಗೆ ಜೋಲುವ ಚರ್ಮ) ನೋಡಿ ತೀರ್ಮಾನಿಸಬೇಡಿ, ಸರಿಯಾದ ತೂಕದ ಹೆಣ್ಣಿಗೂ ಅದು ಇರುತ್ತದೆ. ನಾಲ್ಕು ವಾರದ ತೂಕ ಒಟ್ಟಿಗೆ ನೋಡಿ: ಗಂಡಿನ ತೂಕ ಇಳಿಯುತ್ತಲೇ ಹೋದರೆ ದಿನಕ್ಕೆ 4 ಗ್ರಾಂ ಸೇರಿಸಿ, ಹೆಣ್ಣಿನದು ನಿಂತೇ ಬಿಟ್ಟರೆ 4 ಗ್ರಾಂ ಇಳಿಸಿ, ಹಾಗೂ ತಿಂಡಿಯಾಗಿ ಕೊಡುವ ಹಣ್ಣಿನ ಚೂರುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ದಿನಕ್ಕೆ 70 ಗ್ರಾಂ ಅಂದರೆ ತಿಂಗಳಿಗೆ ಎರಡು ಕೆಜಿ ಸಾಕು, ದೊಡ್ಡ ಮೂಟೆ ಕೊಳ್ಳಬೇಡಿ. ತೆರೆದ ಪೊಟ್ಟಣವನ್ನು ಆರರಿಂದ ಎಂಟು ವಾರದೊಳಗೆ ಮುಗಿಸಿ, ಆಮೇಲೆ ಜೀವಸತ್ವ ಕುಂದುತ್ತದೆ, ತೇವ ಹಿಡಿದರೆ ಬೂಷ್ಟು. ತಳದಲ್ಲಿ ಉಳಿಯುವ ಪುಡಿ ತೂಕಕ್ಕೆ ಸೇರುತ್ತದೆ, ಮೊಲ ಅದನ್ನು ತಿನ್ನುವುದಿಲ್ಲ. ಜರಡಿ ಹಿಡಿದು ತೂಗಿ.