ಸಹಾಯ ಬೇಕು: ಸಾವಿನ ದುಃಖದಲ್ಲಿರುವ ಮಕ್ಕಳ ಆಪ್ತಸಮಾಲೋಚನೆಗೆ ಹಣ ಹೊಂದಿಸುವುದು ಹೇಗೆ?

ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ನಗರದ ಮಕ್ಕಳಿಗಾಗಿ ನಾವು ಕೆಲವರು ವಾರಕ್ಕೊಮ್ಮೆ ಕೂಟ ನಡೆಸುತ್ತೇವೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 1982ರಲ್ಲಿ ಆರಂಭವಾದ ಡಗಿ ಸೆಂಟರ್‌ನ ಮಾದರಿಯೇ ನಮ್ಮದೂ: ಸಮದುಃಖಿ ಮಕ್ಕಳು ಒಟ್ಟಿಗೆ ಆಡುತ್ತಾರೆ, ಮನಸ್ಸು ಬಂದಾಗ ಮಾತನಾಡುತ್ತಾರೆ.

ಬಣ್ಣದ ಪೆನ್ಸಿಲ್, ಆಟಿಕೆಗಳಿಗೆ ದಾನಿಗಳು ಧಾರಾಳವಾಗಿ ಕೊಡುತ್ತಾರೆ (ಫೋಟೊ ಚೆನ್ನಾಗಿ ಬರುತ್ತದಲ್ಲ!). ಆಪ್ತಸಮಾಲೋಚಕಿಯ ಸಂಬಳ ಎಂದೊಡನೆ ಮಾತು ನಿಲ್ಲುತ್ತದೆ. ನಾಲ್ಕು ವರ್ಷದ ಮಗು "ಅಮ್ಮ ಯಾವಾಗ ಬರುತ್ತಾಳೆ?" ಎಂದು ಮತ್ತೆ ಮತ್ತೆ ಕೇಳುತ್ತದೆ, ಸತ್ತವರು ಮರಳುವುದಿಲ್ಲ ಎಂಬುದು ಆ ವಯಸ್ಸಿಗೆ ಸರಿಯಾಗಿ ತಿಳಿಯದು. ತಿಳಿವಳಿಕೆ ಬಂದಾಗ ಅದೇ ದುಃಖ ಹೊಸದಾಗಿ ಎದ್ದು ಬರಬಹುದು. ಒಂದು ವರ್ಷದ ಅನುದಾನದಲ್ಲಿ ಮುಗಿಯುವ ಕೆಲಸವೇ ಇದು?

ಮೂರು ವರ್ಷವಾದರೂ ಸಿಬ್ಬಂದಿ ವೆಚ್ಚ ಭರಿಸಲು ದಾನಿಗಳನ್ನು ಒಪ್ಪಿಸಿದವರು ಯಾರಾದರೂ ಇದ್ದೀರಾ? ಅರ್ಜಿಯಲ್ಲಿ 'ಫಲಿತಾಂಶ' ಎಂಬ ಕಾಲಂನಲ್ಲಿ ಏನು ಬರೆದಿರಿ? ಮಾದರಿ ಪ್ರತಿ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.